ಕೃಷಿ ಪಿಕಪ್‌ಗೆ ಬೇರೆ ವಾಹನದ ಟ್ರಾನ್ಸ್‌ಫರ್ ಕೇಸ್: ಸೆನ್ಸರ್ ವೈರಿಂಗ್ ಹೊಂದಿಸುವ ಕ್ರಮ ಮತ್ತು ಮುನ್ನೆಚ್ಚರಿಕೆ

ಉಡುಪಿ ಜಿಲ್ಲೆಯ ಶಂಕರಪುರ, ಶಿರ್ವ, ಬೆಳ್ಮಣ್ ಹಾಗೂ ಕಾರ್ಕಳ ಭಾಗದಲ್ಲಿ ಮುರಕಲ್ಲಿನ ಗುಡ್ಡದ ಏರುದಾರಿಯೂ ಮಳೆಗಾಲದಲ್ಲಿ ಕೆಸರಾಗುವ ಬೈಲಿನ ದಾರಿಯೂ ಒಂದೇ ಜಮೀನಿಗೆ ಹೋಗುವ ದಾರಿಯಲ್ಲಿ ಎದುರಾಗುವುದುಂಟು. ಹಟ್ಟಿಗೊಬ್ಬರ, ಕೆಂಪುಮಣ್ಣು, ತೆಂಗಿನಕಾಯಿ, ಅಡಿಕೆ ಸಾಗಿಸಲು ನಾಲ್ಕು ಚಕ್ರ ಚಾಲನೆಯ ಹಳೆಯ ಜೀಪು ಅಥವಾ ಪಿಕಪ್ ಇಟ್ಟುಕೊಂಡಿರುವ ರೈತರು ಈ ಕಾರಣದಿಂದಲೇ ಅದನ್ನು ಬಿಟ್ಟುಕೊಡಲು ಬಯಸುವುದಿಲ್ಲ. ಇಂತಹ ವಾಹನದ ಟ್ರಾನ್ಸ್‌ಫರ್ ಕೇಸ್ ಕೆಟ್ಟಾಗ ಹೊಸದು ದುಬಾರಿ, ಅನೇಕ ವೇಳೆ ದೊರೆಯುವುದೂ ಇಲ್ಲ. ಆಗ ಗುಜರಿಯಿಂದ ಮತ್ತೊಂದು ವಾಹನದ ಕೇಸ್ ತಂದು ಕೂರಿಸಲಾಗುತ್ತದೆ. ಬೋಲ್ಟ್‌ಗಳು ಕೂರುತ್ತವೆ, ವಾಹನ ಓಡುತ್ತದೆ. ಆದರೆ ಮೀಟರ್ ಮುಳ್ಳು ಏಳುವುದಿಲ್ಲ, ಫೋರ್ ವೀಲ್ ದೀಪ ತನ್ನಿಷ್ಟದಂತೆ ಉರಿಯುತ್ತದೆ, ಎಂಜಿನ್ ಎಚ್ಚರಿಕೆ ದೀಪ ಆರುವುದಿಲ್ಲ. ತಂತಿಯ ಬಣ್ಣ ನೋಡಿ ಬಣ್ಣಕ್ಕೆ ಬಣ್ಣ ಜೋಡಿಸಿದುದೇ ಇದರ ಸಾಮಾನ್ಯ ಕಾರಣ. ಜೋಡಿಸುವ ಮುನ್ನ ಪ್ರತಿಯೊಂದು ಸೆನ್ಸರ್ ಯಾವ ಬಗೆಯದು, ಯಾವ ಸಂಕೇತ ಕೊಡುತ್ತದೆ ಎಂದು ಅಳೆದು ತಿಳಿಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬದಲಾಯಿಸುವುದು ನಿಜವಾಗಿಯೂ ಅಗತ್ಯವೇ?

ಹೊರಕವಚ ಬಿರುಕು ಬಿಡದಿದ್ದರೆ ನಿಮ್ಮ ಹಳೆಯ ಕೇಸನ್ನೇ ದುರಸ್ತಿ ಮಾಡಿಸುವುದು ಮೇಲು. ಸಡಿಲಗೊಂಡ ಚೈನ್, ಸವೆದ ಬೇರಿಂಗ್, ಸೋರುವ ಆಯಿಲ್ ಸೀಲ್, ಸವೆದ ಶಿಫ್ಟ್ ಫೋರ್ಕ್ ಇವೆಲ್ಲ ಬದಲಾಯಿಸಬಹುದಾದ ಭಾಗಗಳು. ಅದೇ ಮಾದರಿಯ ಗುಜರಿ ಕೇಸ್ ಸಿಕ್ಕಿದರೆ ಅದರ ಒಳಭಾಗಗಳನ್ನು ನಿಮ್ಮ ಕವಚಕ್ಕೆ ಹಾಕಿಸಬಹುದು. ಆಗ ಮೂಲ ಸೆನ್ಸರ್‌ಗಳು ಮೂಲ ಜಾಗದಲ್ಲೇ ಉಳಿಯುವುದರಿಂದ ವೈರಿಂಗ್ ಸಮಸ್ಯೆಯೇ ಹುಟ್ಟುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಮಲ್ಲಿಗೆ ಕೃಷಿಯೊಂದನ್ನೇ ನೆಚ್ಚಿಕೊಂಡ ಕುಟುಂಬಕ್ಕೆ ನಾಲ್ಕು ಚಕ್ರ ಚಾಲನೆಯ ವಾಹನ ಬೇಕಾಗುವುದು ವಿರಳ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟಿದ ಕೆಲವು ಅಟ್ಟೆ ಹೂವು ಸ್ಕೂಟರಿನಲ್ಲೇ ಕಟ್ಟೆ ತಲುಪುತ್ತದೆ. ವರ್ಷಕ್ಕೆ ನಾಲ್ಕಾರು ಬಾರಿ ಗೊಬ್ಬರ ಏರಿಸಲು ಮಾತ್ರ ವಾಹನ ಬೇಕಿದ್ದರೆ, ಟ್ರ್ಯಾಕ್ಟರನ್ನು ಬಾಡಿಗೆಗೆ ಪಡೆಯುವ ಖರ್ಚನ್ನೂ ಈ ದುರಸ್ತಿಯ ಖರ್ಚನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಕೇಸ್‌ನ ಕೆಲಸ ಮತ್ತು ಅದಕ್ಕೆ ಬರುವ ತಂತಿಗಳು

ಗಿಯರ್‌ಬಾಕ್ಸ್‌ನಿಂದ ಬರುವ ತಿರುಗುಬಲವನ್ನು ಹಿಂದಿನ ಹಾಗೂ ಮುಂದಿನ ಆಕ್ಸಲ್‌ಗಳಿಗೆ ಹಂಚುವುದು ಟ್ರಾನ್ಸ್‌ಫರ್ ಕೇಸ್‌ನ ಕೆಲಸ. ಟು-ಹೈ ಸ್ಥಾನದಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ, ಫೋರ್-ಹೈನಲ್ಲಿ ನಾಲ್ಕೂ ಚಕ್ರಗಳಿಗೆ, ಫೋರ್-ಲೋನಲ್ಲಿ ನಾಲ್ಕೂ ಚಕ್ರಗಳಿಗೆ ಕಡಿಮೆ ವೇಗ ಹಾಗೂ ಹೆಚ್ಚಿನ ಬಲದಲ್ಲಿ ಚಾಲನೆ ದೊರೆಯುತ್ತದೆ. ಇವುಗಳ ನಡುವೆ ನ್ಯೂಟ್ರಲ್ ಎಂಬ ಸ್ಥಾನವಿದೆ. ಆಗ ಗಿಯರ್‌ಬಾಕ್ಸ್‌ಗೂ ಯಾವ ಚಕ್ರಕ್ಕೂ ಸಂಬಂಧವಿರುವುದಿಲ್ಲ. ಈ ಸಂಗತಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಳೆಯ ಜೀಪುಗಳಲ್ಲಿ ಕೇಸ್‌ನಿಂದ ಹೊರಡುವುದು ಒಂದು ಮೀಟರ್ ಕೇಬಲ್ ಮಾತ್ರ. ಜಿಪ್ಸಿಯಂತಹ ವಾಹನದಲ್ಲಿ ಕೇಸ್ ಗಿಯರ್‌ಬಾಕ್ಸ್‌ಗೆ ಅಂಟಿರದೆ ಚಿಕ್ಕ ಶಾಫ್ಟ್ ಮೂಲಕ ಬೇರೆಯಾಗಿ ಕೂತಿರುತ್ತದೆ. ಅದರಲ್ಲೂ ಮೀಟರ್ ಕೇಬಲ್ ಕೇಸ್‌ನಿಂದಲೇ ಬರುತ್ತದೆ. ಆ ಬಳಿಕದ ಡೀಸೆಲ್ ವಾಹನಗಳಲ್ಲಿ ಕೇಬಲ್ ಜಾಗಕ್ಕೆ ವಿದ್ಯುತ್ ವೇಗ ಸೆನ್ಸರ್ ಬಂದಿತು, ಜೊತೆಗೆ ಫೋರ್ ವೀಲ್ ದೀಪದ ಸ್ವಿಚ್, ಕೆಲವದರಲ್ಲಿ ಫೋರ್-ಲೋ ಅಥವಾ ನ್ಯೂಟ್ರಲ್ ಸ್ವಿಚ್. ಲಿವರ್ ಬದಲು ಡ್ಯಾಶ್‌ಬೋರ್ಡಿನ ಗುಂಡಿ ತಿರುಗಿಸಿ ಬದಲಾಯಿಸುವ ವಾಹನಗಳಲ್ಲಿ ಇವುಗಳ ಮೇಲೆ ಒಂದು ಶಿಫ್ಟ್ ಮೋಟರ್ ಮತ್ತು ಅದರ ಸ್ಥಾನ ತಿಳಿಸುವ ಸೆನ್ಸರ್ ಇರುತ್ತವೆ.

ಯಂತ್ರಭಾಗ ಹೊಂದದಿದ್ದರೆ ವೈರಿಂಗ್ ಮಾತೇ ಬೇಡ

ಗುಜರಿಯಲ್ಲಿ ಹಣ ಕೊಡುವ ಮುನ್ನ ಒಳಬರುವ ಶಾಫ್ಟ್‌ನ ಹಲ್ಲುಗಳ ಸಂಖ್ಯೆ, ಬೋಲ್ಟ್ ರಂಧ್ರಗಳ ಅಂತರ, ಮುಂದಿನ ಶಾಫ್ಟ್ ಹೊರಡುವ ಬದಿ, ಕೇಸ್‌ನ ಉದ್ದ ಇವಿಷ್ಟನ್ನು ಹಳೆಯದರೊಂದಿಗೆ ಹೋಲಿಸಿ. ಉದ್ದ ಬೇರೆಯಾದರೆ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕಾಗುತ್ತದೆ. ಎಣ್ಣೆಯ ವಿಷಯದಲ್ಲಿ ಕೂರಿಸಿದ ಕೇಸ್ ಏನು ಬೇಡುತ್ತದೋ ಅದನ್ನೇ ಹಾಕಿ. ಹಲ್ಲಿನ ಗಿಯರ್‌ಗಳ ಹಳೆಯ ಕೇಸ್‌ಗಳಿಗೆ ಸಾಮಾನ್ಯವಾಗಿ ಗಿಯರ್ ಆಯಿಲ್, ಚೈನ್ ಇರುವ ಅನೇಕ ಕೇಸ್‌ಗಳಿಗೆ ತೆಳುವಾದ ಎಟಿಎಫ್ ಬೇಕು.

ಹಳೆಯ ಜೀಪುಗಳ ಕೆಲವು ಮಾದರಿಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಹಿಂದಿನ ಚಕ್ರದಲ್ಲಿರದೆ ಟ್ರಾನ್ಸ್‌ಫರ್ ಕೇಸ್‌ನ ಹಿಂಬದಿಯಲ್ಲೇ ಇರುತ್ತದೆ. ಅಂತಹ ವಾಹನಕ್ಕೆ ಡ್ರಮ್ ಇಲ್ಲದ ಕೇಸ್ ಕೂರಿಸಿದರೆ ಹ್ಯಾಂಡ್ ಬ್ರೇಕೇ ಇಲ್ಲದಂತಾಗುತ್ತದೆ. ಇದನ್ನು ಒಪ್ಪಲೇಬಾರದು.

ಗುಜರಿಯವರು ಕೇಸ್ ಬಿಚ್ಚುವಾಗ ತಂತಿಗಳನ್ನು ಕಪ್ಲರ್‌ನ ಬುಡದಲ್ಲೇ ಕತ್ತರಿಸುವುದು ರೂಢಿ. ಪ್ರತಿಯೊಂದು ಕಪ್ಲರ್‌ನ ಎರಡೂ ಬದಿಗಳನ್ನು ಕನಿಷ್ಠ ಒಂದು ಅಡಿ ತಂತಿ ಸಮೇತ ಕೇಳಿ ಪಡೆಯಿರಿ. ಆ ಒಂದು ಅಡಿ ತಂತಿ ನಂತರ ಒಂದು ದಿನದ ಕೆಲಸ ಉಳಿಸುತ್ತದೆ. ದಾನಿ ವಾಹನದ ಮಾದರಿ, ತಯಾರಾದ ವರ್ಷ, ಟೈರ್ ಅಳತೆ ಮತ್ತು ಸಾಧ್ಯವಾದರೆ ಕ್ರೌನ್ ಪಿನಿಯನ್ ಅನುಪಾತವನ್ನೂ ಬರೆದುಕೊಳ್ಳಿ.

ವೇಗ ಸೆನ್ಸರ್ ಗುರುತಿಸುವುದು

ಮೊದಲ ಆಯ್ಕೆ ಸರಳ. ಹಳೆಯ ಕೇಸ್‌ನ ಸೆನ್ಸರ್ ಮತ್ತು ಅದರೆದುರು ತಿರುಗುವ ಹಲ್ಲುಚಕ್ರ ಎರಡೂ ಹೊಸ ಕೇಸ್‌ಗೆ ಕೂರುವುದಾದರೆ ಅವುಗಳನ್ನೇ ವರ್ಗಾಯಿಸಿ. ಕೆಲವು ಸಲ ಹಿಂಬದಿಯ ಕವಚವನ್ನು ಇಡಿಯಾಗಿ ಬದಲಾಯಿಸಿದರೆ ಇದು ಸಾಧ್ಯವಾಗುತ್ತದೆ. ಸೆನ್ಸರ್ ಮಾತ್ರ ಬದಲಾಯಿಸಿ ಹಲ್ಲುಚಕ್ರ ಬಿಟ್ಟರೆ ಉಪಯೋಗವಿಲ್ಲ, ಏಕೆಂದರೆ ಎಣಿಕೆ ಹುಟ್ಟುವುದು ಹಲ್ಲುಚಕ್ರದಲ್ಲಿ.

ಅದು ಸಾಧ್ಯವಿಲ್ಲದಾಗ ಎರಡು ಮುಖ್ಯ ಬಗೆಗಳನ್ನು ಬೇರ್ಪಡಿಸಿ ತಿಳಿಯಬೇಕು. ಸುರುಳಿ ಸೆನ್ಸರ್‌ಗೆ ಎರಡು ತಂತಿ; ಒಳಗೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ಇದಕ್ಕೆ ವಿದ್ಯುತ್ ಕೊಡಬೇಕಾಗಿಲ್ಲ, ಹಲ್ಲು ಎದುರಿನಿಂದ ಹಾದಾಗ ತಾನೇ ಏರಿಳಿಯುವ ವಿದ್ಯುತ್ ಹುಟ್ಟಿಸುತ್ತದೆ. ವೇಗ ಹೆಚ್ಚಿದಂತೆ ವೋಲ್ಟ್ ಕೂಡ ಹೆಚ್ಚುತ್ತದೆ. ಹಾಲ್ ಸೆನ್ಸರ್‌ಗೆ ಸಾಮಾನ್ಯವಾಗಿ ಮೂರು ತಂತಿ: ವಿದ್ಯುತ್ ಪೂರೈಕೆ, ಅರ್ಥ್, ಸಂಕೇತ. ಇದರ ಸಂಕೇತ ಉಂಟು-ಇಲ್ಲ ಎಂಬಂತೆ ಎರಡೇ ಮಟ್ಟದ್ದು. ಎರಡು ತಂತಿಯ ಹಾಲ್ ಸೆನ್ಸರ್‌ಗಳೂ ಬಳಕೆಯಲ್ಲಿರುವುದರಿಂದ ತಂತಿ ಎಣಿಸಿ ನಿರ್ಧರಿಸುವುದು ಸಾಲದು, ಅಳೆಯಲೇಬೇಕು.

ಸೆನ್ಸರನ್ನು ಕಪ್ಲರ್‌ನಿಂದ ಬಿಡಿಸಿ. ಎರಡು ತಂತಿಯದಾದರೆ ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ನೋಡಿ. ಕೆಲವು ನೂರರಿಂದ ಸುಮಾರು 2,000 ಓಮ್‌ವರೆಗೆ ತೋರಿಸಿದರೆ ಅದು ಸುರುಳಿ ಸೆನ್ಸರ್ ಇರುವ ಸಂಭವ ಹೆಚ್ಚು. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಕೇಸ್‌ನ ಶಾಫ್ಟನ್ನು ಕೈಯಿಂದ ಬೇಗ ತಿರುಗಿಸಿದಾಗ ಅಂಕಿ ಮೇಲೇರಿದರೆ ಖಚಿತವಾಯಿತು.

ಮುಂದಿನದು ವಾಹನದ ಬದಿಯ ಕಪ್ಲರ್. ಕೀ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ, ಪ್ರತಿಯೊಂದು ಪಿನ್‌ನ ಡಿಸಿ ವೋಲ್ಟ್ ಅಳೆಯಿರಿ. ಮೂರು ಪಿನ್‌ಗಳಲ್ಲಿ ಒಂದು ಸೊನ್ನೆ ತೋರಿಸಿದರೆ ಅದು ಅರ್ಥ್. ಉಳಿದ ಎರಡರಲ್ಲಿ ಒಂದು ಪೂರೈಕೆ, 5 ವೋಲ್ಟ್ ಅಥವಾ 12 ವೋಲ್ಟ್. ಇನ್ನೊಂದು ಸಂಕೇತದ ತಂತಿ. ಎರಡರಲ್ಲೂ ಒಂದೇ ವೋಲ್ಟ್ ಕಂಡರೆ ಸುಮಾರು 5 ಕಿಲೋ ಓಮ್‌ನ ರೆಸಿಸ್ಟರ್ ಒಂದನ್ನು ಆ ಪಿನ್‌ಗೂ ಅರ್ಥ್‌ಗೂ ನಡುವೆ ಹಿಡಿಯಿರಿ: ವೋಲ್ಟ್ ಎದ್ದು ಕಾಣುವಂತೆ ಕುಸಿದರೆ ಸಂಕೇತದ ತಂತಿ, ಕುಸಿಯದಿದ್ದರೆ ಪೂರೈಕೆ. ಈ ಪರೀಕ್ಷೆಗೆ ಗ್ಯಾರೇಜಿನ ಬಲ್ಬ್ ಟೆಸ್ಟರ್ ಬಳಸಬೇಡಿ. ಬಲ್ಬ್ ಎಳೆಯುವ ವಿದ್ಯುತ್ತಿಗೆ ಇಸಿಯು ಒಳಗಿನ ಸಣ್ಣ ಭಾಗಗಳು ಸುಟ್ಟುಹೋಗಬಹುದು.

5 ವೋಲ್ಟ್ ಪೂರೈಕೆಯ ತಂತಿಯ ಬಗ್ಗೆ ವಿಶೇಷ ಜಾಗ್ರತೆ ಬೇಕು. ಅನೇಕ ಡೀಸೆಲ್ ವಾಹನಗಳಲ್ಲಿ ಇಸಿಯು ಅದೇ ಪೂರೈಕೆಯನ್ನು ಎಂಜಿನ್ನಿನ ಇತರ ಸೆನ್ಸರ್‌ಗಳಿಗೂ ಹಂಚುತ್ತದೆ. ಸಿಪ್ಪೆ ಸುಲಿದ ಆ ತಂತಿ ಚಾಸಿಗೆ ತಾಗಿದರೆ ಮೀಟರ್ ಮಾತ್ರ ಸಾಯುವುದಿಲ್ಲ, ಎಂಜಿನ್ನೇ ನಿಲ್ಲಬಹುದು. ಘಟ್ಟದ ತಿರುವಿನಲ್ಲಿ ಹೊರೆ ಹೊತ್ತ ವಾಹನದ ಎಂಜಿನ್ ಹೀಗೆ ನಿಂತರೆ ಏನಾದೀತು ಎಂದು ಯೋಚಿಸಿ.

ಎರಡೂ ಬದಿ ಒಂದೇ ಬಗೆಯದಾದರೆ ಪಿನ್‌ಗಳ ಕ್ರಮ ಹೊಂದಿಸಿ ಜೋಡಿಸಬಹುದು. ಹಾಲ್ ಸೆನ್ಸರ್‌ನ ವೋಲ್ಟ್ ಕೂಡ ಒಂದೇ ಇರಬೇಕು. 5 ವೋಲ್ಟ್‌ನದಕ್ಕೆ 12 ಕೊಟ್ಟರೆ ಸುಡುತ್ತದೆ, 12ರದಕ್ಕೆ 5 ಕೊಟ್ಟರೆ ಎಚ್ಚರಗೊಳ್ಳದೆ ಇರಬಹುದು. ವಾಹನ ಹಾಲ್ ಸಂಕೇತ ಬಯಸುವಲ್ಲಿ ಸುರುಳಿ ಸೆನ್ಸರನ್ನು ನೇರವಾಗಿ ಕೊಡಲು ಬರುವುದಿಲ್ಲ. ನಡುವೆ ಸಂಕೇತ ಪರಿವರ್ತಕ ಬೇಕು. ಕೇಸ್‌ನಲ್ಲಿ ಕೇಬಲ್ ಕೂರುವ ತೂತಿದ್ದು ವಾಹನ ವಿದ್ಯುತ್ ಸಂಕೇತ ಬಯಸಿದರೆ, ಕೇಬಲ್ ಜಾಗಕ್ಕೆ ತಿರುಪಿ ಕೂರಿಸುವ ಸೆನ್ಸರ್‌ಗಳು ಸಿಗುತ್ತವೆ. ಇದಕ್ಕೆ ವಿರುದ್ಧವಾದುದು, ಅಂದರೆ ಕೇಬಲ್ ಮೀಟರ್‌ನ ಹಳೆಯ ಜೀಪಿಗೆ ಸೆನ್ಸರ್ ಮಾತ್ರ ಇರುವ ಕೇಸ್, ತೊಂದರೆಯ ಕೆಲಸ. ಬೇರೆ ಕೇಸ್ ಹುಡುಕುವುದೇ ಒಳಿತು. ಇನ್ನು, ನಿಮ್ಮ ವಾಹನ ಚಕ್ರಗಳ ಎಬಿಎಸ್ ಸೆನ್ಸರ್‌ನಿಂದಲೇ ವೇಗ ಓದುವುದಾದರೆ ಕೇಸ್‌ನ ಸೆನ್ಸರ್‌ಗೆ ತಂತಿಯೇ ಬೇಕಾಗಿಲ್ಲ. ಅದನ್ನು ಕಿತ್ತುಹಾಕಬೇಡಿ, ತೂತು ಮುಚ್ಚಿರಲು ಅಲ್ಲೇ ಇರಲಿ.

ಎಣಿಕೆ ತಪ್ಪಿದರೆ

ಬಗೆ ಹೊಂದಿದರೂ ಎಣಿಕೆ ಹೊಂದದಿರಬಹುದು. ಒಂದು ಲೆಕ್ಕ ನೋಡೋಣ. ಟೈರಿನ ಸುತ್ತಳತೆ 2.2 ಮೀಟರ್, ಕ್ರೌನ್ ಪಿನಿಯನ್ ಅನುಪಾತ 4.3 ಎಂದಿಟ್ಟುಕೊಳ್ಳಿ. ಒಂದು ಕಿ.ಮೀ.ಗೆ ಚಕ್ರ ಸುಮಾರು 455 ಸುತ್ತು, ಪ್ರೊಪೆಲ್ಲರ್ ಶಾಫ್ಟ್ ಸುಮಾರು 1,955 ಸುತ್ತು ತಿರುಗುತ್ತದೆ. ಹಳೆಯ ಕೇಸ್ ಪ್ರತಿ ಸುತ್ತಿಗೆ 8 ಸಂಕೇತ ಕೊಡುತ್ತಿದ್ದರೆ ಮೀಟರ್ ಒಂದು ಕಿ.ಮೀ.ಗೆ ಸುಮಾರು 15,640 ಸಂಕೇತ ಎಣಿಸಲು ಹೊಂದಿಸಿದ್ದು. ಹೊಸ ಕೇಸ್ ಪ್ರತಿ ಸುತ್ತಿಗೆ 6 ಮಾತ್ರ ಕೊಟ್ಟರೆ ಬರುವುದು ಸುಮಾರು 11,730. ಮೀಟರ್ ನಿಜ ವೇಗದ ಮುಕ್ಕಾಲು ಭಾಗ ತೋರಿಸುತ್ತದೆ: ನೀವು 40ರಲ್ಲಿ ಹೋಗುವಾಗ 30 ಎನ್ನುತ್ತದೆ. ಓಡಿದ ದೂರವೂ ಕಡಿಮೆ ದಾಖಲಾಗುವುದರಿಂದ ಎಣ್ಣೆ ಬದಲಾವಣೆ ತಡವಾಗುತ್ತದೆ.

ಸರಕು ಸಾಗಣೆಗೆ ನೋಂದಾಯಿತವಾದ ಪಿಕಪ್‌ಗಳಲ್ಲಿ ಇದರ ಪರಿಣಾಮ ಇನ್ನೂ ಗಂಭೀರ. ಅವುಗಳಲ್ಲಿರುವ ವೇಗ ನಿಯಂತ್ರಕ ಗಂಟೆಗೆ 80 ಕಿ.ಮೀ. ಮಿತಿ ಕಾಯುವುದು ಅನೇಕ ವಾಹನಗಳಲ್ಲಿ ಇದೇ ಸಂಕೇತ ನೋಡಿ. ಮೇಲಿನ ಉದಾಹರಣೆಯಲ್ಲಿ ನಿಯಂತ್ರಕ 80 ಎಂದು ತಿಳಿಯುವ ಹೊತ್ತಿಗೆ ವಾಹನದ ನಿಜ ವೇಗ 107ರ ಸಮೀಪ. ಲೆಕ್ಕ ತಿರುಗಿದರೆ, ಅಂದರೆ 6ರ ಜಾಗಕ್ಕೆ 8 ಬಂದರೆ, ವಾಹನ 60ಕ್ಕೇ ಬಿಗಿಹಿಡಿದಂತಾಗುತ್ತದೆ. ಚಾಲಕ ಡೀಸೆಲ್ ಪಂಪ್ ಕೆಟ್ಟಿತೆಂದು ಬಗೆದು ಅಲ್ಲಿ ಖರ್ಚು ಮಾಡುತ್ತಾನೆ. ಎಣಿಕೆ ಸರಿಪಡಿಸಲು ಸಂಕೇತ ಅನುಪಾತ ಬದಲಾಯಿಸುವ ಸಣ್ಣ ಪೆಟ್ಟಿಗೆಗಳಿವೆ. ಮೀಟರ್ ಅಥವಾ ಇಸಿಯುವಿನಲ್ಲೇ ಬದಲಾಯಿಸಬಹುದಾದರೆ ಅಧಿಕೃತ ಸೇವಾ ಕೇಂದ್ರದಲ್ಲಿ ಮಾಡಿಸಿ. ಮೊಬೈಲಿನ ಜಿಪಿಎಸ್ ವೇಗದೊಂದಿಗೆ 30, 40 ಮತ್ತು 50 ಕಿ.ಮೀ. ವೇಗದಲ್ಲಿ ಹೋಲಿಸಿ ನೋಡಿ. ಮೊಬೈಲ್ ನೋಡುವ ಕೆಲಸ ಪಕ್ಕದಲ್ಲಿ ಕೂತವರದು.

ಕೇಬಲ್ ಮೀಟರ್‌ಗಳಲ್ಲಿ ಇದೇ ಕೆಲಸವನ್ನು ಚಿಕ್ಕ ಪ್ಲಾಸ್ಟಿಕ್ ಗಿಯರ್ ಮಾಡುತ್ತದೆ. ಹಲ್ಲಿನ ಸಂಖ್ಯೆ ನೋಡಿ ನಿಮ್ಮ ಹಳೆಯದನ್ನೇ ಹಾಕಿ.

ಸ್ಥಾನ ಸ್ವಿಚ್: ಪ್ರಾಣಾಪಾಯ ಇರುವುದು ಇಲ್ಲಿ

ವೇಗದ ಮೀಟರ್ ಸುಳ್ಳು ಹೇಳಿದರೆ ಚಾಲಕನಿಗೆ ಅನುಮಾನ ಬರುತ್ತದೆ. ಸ್ಥಾನದ ದೀಪ ಸುಳ್ಳು ಹೇಳಿದರೆ ಅನುಮಾನ ಬರುವುದಿಲ್ಲ. ಗುಡ್ಡದ ಇಳಿಜಾರಿನಲ್ಲಿ ಗೊಬ್ಬರ ಇಳಿಸುವಾಗ ವಾಹನವನ್ನು ಒಂದನೆಯ ಗಿಯರಿನಲ್ಲಿ ನಿಲ್ಲಿಸುವುದು ನಮ್ಮಲ್ಲಿ ಎಲ್ಲರ ಅಭ್ಯಾಸ. ಆದರೆ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ ಗಿಯರ್ ಹಾಕಿದ್ದಕ್ಕೆ ಯಾವ ಅರ್ಥವೂ ಇಲ್ಲ. ಗಿಯರ್‌ಬಾಕ್ಸ್ ಚಕ್ರಗಳನ್ನು ಹಿಡಿದಿರುವುದೇ ಇಲ್ಲ. ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ. ಲಿವರಿನ ಸಂಪರ್ಕ ಸರಿಯಾಗಿ ಹೊಂದದೆ ಕೇಸ್ ನ್ಯೂಟ್ರಲ್‌ನಲ್ಲಿ ನಿಂತಿದ್ದು, ದೀಪದ ವೈರಿಂಗ್ ತಿರುಗುಮುರುಗಾಗಿ ಟು-ಹೈ ಎಂದು ತೋರಿಸುತ್ತಿದ್ದರೆ, ಹಿಂದೆ ನಿಂತು ಹೊರೆ ಇಳಿಸುವವರ ಮೇಲೆಯೇ ವಾಹನ ಉರುಳಬಹುದು.

ತದ್ವಿರುದ್ಧ ತಪ್ಪಿನಿಂದ ಯಂತ್ರಕ್ಕೆ ಹಾನಿ. ನಾಲ್ಕು ಚಕ್ರ ಚಾಲನೆ ಕೂಡಿದ್ದೂ ದೀಪ ಉರಿಯದಿದ್ದರೆ ಚಾಲಕ ಹಾಗೆಯೇ ಡಾಂಬರು ರಸ್ತೆಗೆ ಏರುತ್ತಾನೆ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಸಾಗಬೇಕು. ಇಂತಹ ಕೇಸ್‌ಗಳಲ್ಲಿ ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ ಆ ವ್ಯತ್ಯಾಸವೆಲ್ಲ ಶಾಫ್ಟ್‌ಗಳಲ್ಲಿ ಮುರುಚಿಕೊಂಡು ಕೂರುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಅದು ಬಿಡುತ್ತದೆ, ಡಾಂಬರಿನಲ್ಲಿ ಬಿಡುವುದಿಲ್ಲ. ಸ್ಟಿಯರಿಂಗ್ ಬಿಗಿಯಾಗುವುದು, ಟೈರ್ ಕಿರುಗುಟ್ಟುವುದು, ಕೊನೆಗೆ ಕ್ರಾಸ್ ಅಥವಾ ಚೈನ್ ಮುರಿಯುವುದು ಇದರಿಂದಲೇ.

ಸ್ವಿಚ್ ಪರೀಕ್ಷೆಗೆ ಮಲ್ಟಿಮೀಟರಿನ ಬೀಪ್ ಸಾಕು. ಕೇಸನ್ನು ಬೆಂಚಿನ ಮೇಲಿಟ್ಟು ಲಿವರನ್ನು ನಾಲ್ಕೂ ಸ್ಥಾನಗಳಿಗೆ ಸರಿಸುತ್ತಾ, ಪ್ರತಿಯೊಂದರಲ್ಲೂ ಸ್ವಿಚ್ ಕೂಡಿದೆಯೇ ಬಿಟ್ಟಿದೆಯೇ ಎಂದು ಕಾಗದದಲ್ಲಿ ಬರೆಯಿರಿ. ಹಳೆಯ ಕೇಸ್‌ಗೂ ಹೀಗೆಯೇ ಮಾಡಿ. ಕೆಲವು ಸ್ವಿಚ್‌ಗಳು ನಾಲ್ಕು ಚಕ್ರ ಚಾಲನೆಯಲ್ಲಿ ಕೂಡುತ್ತವೆ, ಕೆಲವು ಅದೇ ಸ್ಥಾನದಲ್ಲಿ ಬಿಡುತ್ತವೆ. ತಿರುಪು ಮತ್ತು ಒತ್ತುಗುಂಡಿನ ಉದ್ದ ಹೊಂದಿದರೆ ಹಳೆಯ ಸ್ವಿಚ್ ಹಾಕಿ ಮತ್ತೆ ಪರೀಕ್ಷಿಸಿ. ಹೊಂದದಿದ್ದರೆ ರಿಲೇ ಮೂಲಕ ಸಂಕೇತ ತಿರುಗಿಸಬಹುದು. ಒಂದೇ ತಂತಿಯ ಸ್ವಿಚ್ ತನ್ನ ಮೈಯಿಂದಲೇ ಅರ್ಥ್ ಪಡೆಯುತ್ತದೆ. ಅದರ ತಿರುಪಿಗೆ ನಲ್ಲಿಯ ಬಿಳಿ ಟೇಪ್ ಸುತ್ತಿದರೆ ಅರ್ಥ್ ಸರಿಯಾಗಿ ಸಿಗದಿರಬಹುದು. ಕೆಲವು ವಾಹನಗಳಲ್ಲಿ ಮುಂದಿನ ಹಬ್ ಅಥವಾ ಆಕ್ಸಲ್ ಕೂಡುವುದೂ ಇದೇ ಸಂಕೇತದಿಂದ ಎಂಬುದನ್ನು ಮರೆಯಬೇಡಿ.

ಯಾವುದೇ ಕಾರಣಕ್ಕೂ ದೀಪ ಆರಿಸಲೆಂದು ಸ್ವಿಚ್ ತಂತಿಯನ್ನು ಅರ್ಥ್‌ಗೆ ಕಟ್ಟಿಡುವ ಅಥವಾ ಕತ್ತರಿಸಿ ಬಿಡುವ ಕೆಲಸಕ್ಕೆ ಒಪ್ಪಬೇಡಿ.

ಗುಂಡಿ ತಿರುಗಿಸಿ ಬದಲಾಯಿಸುವ ಕೇಸ್

ಶಿಫ್ಟ್ ಮೋಟರ್ ಇರುವ ಕೇಸ್‌ಗಳಲ್ಲಿ ಏಳು ಪಿನ್ನಿನ ಕಪ್ಲರ್ ಸಾಮಾನ್ಯ: ಎರಡು ಮೋಟರಿಗೆ, ಉಳಿದವು ಸ್ಥಾನ ಸಂಕೇತಕ್ಕೆ. ಸ್ಥಾನ ತಿಳಿಸಲು ಒಂದು ಬಗೆಯಲ್ಲಿ ಸ್ಪರ್ಶಫಲಕ, ಇನ್ನೊಂದು ಬಗೆಯಲ್ಲಿ ನಿರಂತರ ಬದಲಾಗುವ ರೆಸಿಸ್ಟರ್ ಇರುತ್ತದೆ. ಎರಡೂ ಒಂದನ್ನೊಂದು ಅರ್ಥಮಾಡಿಕೊಳ್ಳುವುದಿಲ್ಲ. ಹೊಂದದ ಮೋಟರ್ ಸಂಕೇತ ಸಿಗದೆ ಕೊನೆಯವರೆಗೂ ತಿರುಗಿ ಫ್ಯೂಸ್ ಸುಡಬಹುದು ಅಥವಾ ಗಿಯರನ್ನು ಅರ್ಧ ಕೂಡಿಸಿ ನಿಲ್ಲಬಹುದು. ಆದ್ದರಿಂದ ಮೋಟರ್, ನಿಯಂತ್ರಣ ಪೆಟ್ಟಿಗೆ ಮತ್ತು ಗುಂಡಿ ಈ ಮೂರನ್ನೂ ಒಂದೇ ವಾಹನದಿಂದ ತನ್ನಿ. ಇಲ್ಲವೇ ಹಳೆಯ ಮೋಟರ್ ಹೊಸ ಕೇಸ್‌ನ ಶಾಫ್ಟ್‌ಗೆ ಸರಿಯಾಗಿ ಕೂರುವುದೆಂದು ಖಚಿತಪಡಿಸಿಕೊಳ್ಳಿ. ನಿಯಂತ್ರಣ ಪೆಟ್ಟಿಗೆಗೆ ವೇಗದ ಸಂಕೇತವೂ ಬೇಕು. ಅದು ಬಾರದಿದ್ದರೆ ಫೋರ್-ಲೋಗೆ ಹೋಗಲು ನಿರಾಕರಿಸಬಹುದು. ವಾಹನ ನಿಂತಿದೆ ಎಂದು ತಪ್ಪು ತಿಳಿದು ಓಡುವಾಗಲೇ ಅನುಮತಿಸಿದರೆ ಇನ್ನೂ ಕೆಟ್ಟದು. ಗ್ರಾಮದ ಗ್ಯಾರೇಜಿನಲ್ಲಿ ಈ ಬಗೆಯ ಕೇಸನ್ನು ಮಿಶ್ರ ಮಾಡುವ ಕೆಲಸಕ್ಕೆ ನಮ್ಮ ಶಿಫಾರಸು ಇಲ್ಲ.

ಕರಾವಳಿಯಲ್ಲಿ ತಂತಿ ಜೋಡಿಸುವಾಗ

ವರ್ಷಕ್ಕೆ 4,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ, ಕಡಲ ಉಪ್ಪುಗಾಳಿ ಬೀಸುವ ಜಿಲ್ಲೆಯಲ್ಲಿ ತಿರುಚಿ ಟೇಪ್ ಸುತ್ತಿದ ಜೋಡಣೆ ಒಂದು ಮಳೆಗಾಲ ದಾಟುವುದು ಕಷ್ಟ. ತಾಮ್ರ ಹಸಿರುಗಟ್ಟಿ, ಸಂಕೇತ ಒಮ್ಮೆ ಬಂದು ಒಮ್ಮೆ ಬಾರದೆ ಸತಾಯಿಸುತ್ತದೆ. ಒತ್ತಿ ಬಿಗಿಯುವ ಜೋಡಣೆ ಅಥವಾ ಬೆಸುಗೆ ಹಾಕಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆಯಿಂದ ಮುಚ್ಚಿ. ಕಪ್ಲರ್‌ಗೆ ಮುನ್ನ ತಂತಿ ಸ್ವಲ್ಪ ಜೋಲುವಂತೆ ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಕಪ್ಲರ್ ಒಳಗೆ ಇಳಿಯುವುದಿಲ್ಲ. ಸೈಲೆನ್ಸರ್ ಮತ್ತು ತಿರುಗುವ ಶಾಫ್ಟ್‌ನಿಂದ ದೂರ ಕಟ್ಟಿ. ಸುರುಳಿ ಸೆನ್ಸರ್‌ನ ಎರಡು ತಂತಿಗಳನ್ನು ಪರಸ್ಪರ ಹೊಸೆದು ಒಯ್ದರೆ ಪಕ್ಕದ ತಂತಿಗಳ ಹಸ್ತಕ್ಷೇಪ ಕಡಿಮೆ. ಕೊಟ್ಟಿಗೆಯ ಪಕ್ಕ ನಿಲ್ಲಿಸುವ ವಾಹನವಾದರೆ ಇಲಿಗಳಿಗಾಗಿ ಸುಕ್ಕುಗೊಳವೆಯನ್ನೂ ತೊಡಿಸಿ. ಕೆಲಸ ಆರಂಭಿಸುವಾಗ ಬ್ಯಾಟರಿಯ ನೆಗೆಟಿವ್ ಬಿಡಿಸಿಡುವುದು, ಅಳೆಯುವಾಗ ಮಾತ್ರ ಜೋಡಿಸುವುದು ಕ್ರಮ.

ರಸ್ತೆಗೆ ಇಳಿಸುವ ಮುನ್ನ

ಸಮತಟ್ಟಾದ ಗಟ್ಟಿ ನೆಲದಲ್ಲಿ ನಾಲ್ಕೂ ಚಕ್ರಗಳನ್ನು ಎತ್ತಿ ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಜಾಕ್ ಒಂದನ್ನೇ ನಂಬಿ ಯಾರೂ ಕೆಳಗೆ ಹೋಗಬಾರದು. ಎಂಜಿನ್ ನಿಲ್ಲಿಸಿ, ಗಿಯರ್ ಹಾಕಿ, ಹ್ಯಾಂಡ್ ಬ್ರೇಕ್ ಬಿಟ್ಟು, ಪ್ರತಿ ಸ್ಥಾನದಲ್ಲಿ ಕೆಳಗೆ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಕೈಯಿಂದ ತಿರುಗಿಸಿ ನೋಡಿ. ಟು-ಹೈನಲ್ಲಿ ಹಿಂದಿನ ಶಾಫ್ಟ್ ಹಿಡಿದಿರಬೇಕು, ಮುಂದಿನದು ಬಿಟ್ಟಿರಬೇಕು. ಫೋರ್-ಹೈ ಮತ್ತು ಫೋರ್-ಲೋನಲ್ಲಿ ಎರಡೂ ಹಿಡಿದಿರಬೇಕು. ನ್ಯೂಟ್ರಲ್‌ನಲ್ಲಿ ಗಿಯರ್ ಹಾಕಿದ್ದರೂ ಹಿಂದಿನ ಶಾಫ್ಟ್ ಬಿಟ್ಟಿರಬೇಕು. ಕೀ ಆನ್ ಮಾಡಿಸಿ, ಪ್ರತಿ ಸ್ಥಾನದಲ್ಲೂ ದೀಪ ಏನು ಹೇಳುತ್ತದೆ ಎಂದು ಒಳಗೆ ಕೂತವರು ಗಟ್ಟಿಯಾಗಿ ಹೇಳಲಿ. ಲಿವರಿನ ಗುರುತು, ಶಾಫ್ಟ್‌ನ ಸ್ಥಿತಿ, ದೀಪ ಈ ಮೂರೂ ಒಂದೇ ಮಾತು ಹೇಳುವವರೆಗೆ ವಾಹನ ಕೆಳಗಿಳಿಸಬೇಡಿ.

ಸ್ಕ್ಯಾನರ್ ಇರುವಲ್ಲಿ ದೋಷ ಸಂಕೇತಗಳನ್ನು ಅಳಿಸಿ, ಐದು ಕಿ.ಮೀ. ಓಡಿಸಿ ಮತ್ತೆ ಓದಿಸಿ. ಪಿ-0500 ಎಂಬುದು ವೇಗ ಸೆನ್ಸರ್ ಸರ್ಕ್ಯೂಟಿನ ದೋಷ. ಅದು ಮರಳಿ ಬಂದರೆ ಜೋಡಣೆ ಇನ್ನೂ ಸರಿಯಾಗಿಲ್ಲ.

ದಾಖಲೆಯ ವಿಷಯ

ಕೆಟ್ಟ ಭಾಗವನ್ನು ಅದೇ ಬಗೆಯ ಭಾಗದಿಂದ ಬದಲಾಯಿಸುವುದು ದುರಸ್ತಿ. ಹಿಂಚಕ್ರ ಚಾಲನೆಯ ಪಿಕಪ್‌ಗೆ ಹೊಸದಾಗಿ ನಾಲ್ಕು ಚಕ್ರ ಚಾಲನೆ ಅಳವಡಿಸುವುದು ಬೇರೆ ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮು ವಾಹನದ ಮಾರ್ಪಾಡಿಗೆ ಮಿತಿ ವಿಧಿಸುತ್ತದೆ. ಅಂತಹ ಆಲೋಚನೆ ಇದ್ದರೆ ಹಣ ಖರ್ಚು ಮಾಡುವ ಮುನ್ನವೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ಗುಜರಿಯಿಂದ ತಂದ ಭಾಗಕ್ಕೆ ರಸೀದಿ ಪಡೆಯುವುದನ್ನು ಬಿಡಬೇಡಿ.

ವಿಸ್ತರಣಾ ಕಾರ್ಯಕರ್ತರು ಇಂತಹ ವಾಹನ ಕಂಡಾಗ ಮೊದಲು ಮಾಡಬೇಕಾದುದು ತಂತಿ ನೋಡುವುದಲ್ಲ, ಹ್ಯಾಂಡ್ ಬ್ರೇಕ್ ಪರೀಕ್ಷಿಸುವುದು. ಜೊತೆಗೆ, ಇಳಿಜಾರಿನಲ್ಲಿ ನಿಲ್ಲಿಸುವಾಗ ಚಕ್ರಕ್ಕೆ ಕಲ್ಲು ಕೊಡುವ ಅಭ್ಯಾಸವಿದೆಯೇ ಎಂದು ಕೇಳುವುದು. ಬೆಂಚಿನ ಮೇಲೆ ಬರೆದ ಸ್ವಿಚ್ ಸ್ಥಾನಗಳ ಕಾಗದ, ಪಿನ್‌ಗಳ ಕ್ರಮ, ಪ್ರತಿ ತಂತಿಯಲ್ಲಿ ಅಳೆದ ವೋಲ್ಟ್, ದಾನಿ ವಾಹನದ ಮಾದರಿ ಇವಿಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಡಿಸಿ. ಮುಂದಿನ ಸಲ ಕೆಲಸ ಮಾಡುವ ಮೆಕ್ಯಾನಿಕ್ ಬೇರೆಯವರಾಗಿರಬಹುದು. ಸುಮಾರು 500 ಕಿ.ಮೀ. ಓಡಿದ ಬಳಿಕ ಬೋಲ್ಟ್‌ಗಳ ಬಿಗಿ, ಎಣ್ಣೆಯ ಮಟ್ಟ ಮತ್ತು ಕಪ್ಲರ್‌ಗಳೊಳಗಿನ ತೇವವನ್ನು ಮತ್ತೊಮ್ಮೆ ನೋಡಬೇಕು. ಆಮೇಲೆ ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ.